ಮೆಡಿಕಲ್ ಕಾಲೇಜಿನ ದೇಹದಾನ ಸೇವೆ: ಧರ್ಮದ ಕಾಲಂ ಖಾಲಿ ಬಿಟ್ಟ ನಮ್ಮಪ್ಪನ ಅನುಭವ

ರೇಟಿಂಗ್ 5ಕ್ಕೆ 4. ಒಂದು ಸ್ಟಾರ್ ಯಾಕೆ ಕಟ್ ಮಾಡಿದೀನಿ ಅಂತ ಕೊನೇಲಿ ಹೇಳ್ತೀನಿ.

ಯಾವ ಕಾಲೇಜು ಅಂತ ಹೆಸರು ಹಾಕಲ್ಲ, ದೂರು ಒಂದೆರಡು ಇದೆ, ಮತ್ತೆ ನಮ್ಮ ಜೊತೆ ಅಷ್ಟು ಚೆನ್ನಾಗಿ ನಡ್ಕೊಂಡ ಅಟೆಂಡರ್‌ಗೆ ನಾನು ಬರೆದಿದ್ರಿಂದ ಏನೂ ತೊಂದ್ರೆ ಆಗ್ಬಾರ್ದು. ಮಧ್ಯ ಕರ್ನಾಟಕದ ಒಂದು ಮೆಡಿಕಲ್ ಕಾಲೇಜು, ಅದರ ಅನಾಟಮಿ ಡಿಪಾರ್ಟ್‌ಮೆಂಟು ಅಂತ ಇಟ್ಕೊಳಿ. ನಮ್ಮಪ್ಪ ಹೋಗಿ ವರ್ಷದ ಮೇಲಾಯ್ತು. ಇಷ್ಟು ದಿನ ಬರೆಯೋಕೆ ಮನಸ್ಸು ಬಂದಿರ್ಲಿಲ್ಲ. ಈಗ ಬರೀತಿರೋದು ಯಾಕಂದ್ರೆ ದೇಹದಾನ ಅಂದ ಕೂಡ್ಲೇ ಎಲ್ರೂ ಕೇಳೋ ಮೊದಲನೇ ಪ್ರಶ್ನೆ "ಓ, ನಿಮ್ಮಪ್ಪ ಧರ್ಮ ವಿರೋಧಿನಾ?" ಅಂತ. ಅಲ್ಲ. ನಮ್ಮಪ್ಪ ದೇವ್ರನ್ನ ನಂಬ್ತಿರ್ಲಿಲ್ಲ. ಅದು ಬೇರೆ, ಧರ್ಮ ವಿರೋಧ ಬೇರೆ, ಮತ್ತೆ ಈ ವ್ಯತ್ಯಾಸ ನಂಗೆ ಸರಿಯಾಗಿ ಅರ್ಥ ಆಗಿದ್ದೇ ಆ ಡಿಪಾರ್ಟ್‌ಮೆಂಟಿನ ಒಂದು ಟೇಬಲ್ ಮುಂದೆ ಕೂತು ಫಾರಂ ತುಂಬುವಾಗ.

ಅಪ್ಪ ಟೈಲರ್. ಬಸ್‌ಸ್ಟ್ಯಾಂಡ್ ಹಿಂದೆ ಎಂಟಡಿ ಅಗಲದ ಅಂಗಡಿ, ಒಂದು ಕಾಲಲ್ಲಿ ತುಳಿಯೋ ಮೆಷಿನ್ನು, ಆಮೇಲೆ ಅದಕ್ಕೇ ಮೋಟರ್ ಹಾಕಿಸ್ಕೊಂಡ್ರು. ಕಾರ್ತಿಕ ಬಂತು ಅಂದ್ರೆ ಅಯ್ಯಪ್ಪ ಮಾಲೆ ಹಾಕೋರ ಕಪ್ಪು ಶರ್ಟು, ಉರುಸಿಗೆ ಚಾದರದ ಅಂಚಿಗೆ ಜರಿ ಹೊಲಿಯೋದು, ನಮ್ಮೂರ ತೇರಿಗೆ ಪ್ರತಿ ವರ್ಷ ಪತಾಕೆ, ಕ್ರಿಸ್‌ಮಸ್‌ಗೆ ಮಕ್ಕಳ ನಾಟಕದ ಡ್ರೆಸ್ಸು, ಎಲ್ಲ ಅವರೇ. ತೇರಿನ ಪತಾಕೆಗೆ ಕೂಲಿ ತಗೊಳ್ತಿರ್ಲಿಲ್ಲ, "ಊರಿನ ಕೆಲ್ಸ" ಅಂತಿದ್ರು. ಶುಕ್ರವಾರ ಸಂಜೆ ಅಮ್ಮನಿಗೆ ಮಾರ್ಕೆಟ್ಟಿಂದ ಎರಡು ಮೊಳ ಕಾಕಡ ಹೂ ತಂದುಕೊಡೋದು ನಲವತ್ತು ವರ್ಷ ತಪ್ಪಿಸ್ಲಿಲ್ಲ. ದೇವಸ್ಥಾನಕ್ಕೆ ನಮ್ಮನ್ನೆಲ್ಲ ಕರ್ಕೊಂಡು ಹೋಗ್ತಿದ್ರು, ತಾವು ಮಾತ್ರ ಹೊರಗೆ ಚಪ್ಪಲಿ ಕಾಯ್ಕೊಂಡು ಕಟ್ಟೆ ಮೇಲೆ ಕೂರ್ತಿದ್ರು. ಚಿಕ್ಕವಳಿದ್ದಾಗ ಕೇಳಿದ್ದೆ, ನೀನ್ಯಾಕೆ ಒಳಗೆ ಬರಲ್ಲ ಅಂತ. "ಒಳಗೆ ಯಾರೋ ಇದಾರೆ ಅಂತ ನಂಗೆ ಅನ್ಸಲ್ಲ ಕಣವ್ವ, ನಿಂಗೆ ಅನ್ಸಿದ್ರೆ ಹೋಗಿ ಬಾ" ಅಂದ್ರು. ಅಷ್ಟೇ. ಅದನ್ನ ಬಿಟ್ಟು ಆ ವಿಷಯದ ಬಗ್ಗೆ ಅವರಾಗೇ ಮಾತೆತ್ತಿದ್ದು ನಂಗೆ ನೆನಪಿಲ್ಲ.

ಅಪ್ಪನ ಜೀವದ ಗೆಳೆಯ ಒಬ್ರಿದಾರೆ, ಒಡಹುಟ್ಟಿದವರಲ್ಲ, ಆದ್ರೆ ನಾವು ಮಕ್ಕಳೆಲ್ಲ ಕರೆಯೋದು ದೊಡ್ಡಪ್ಪ ಅಂತಾನೇ. ಅವರದ್ದು ಪೂರ್ತಿ ಉಲ್ಟಾ. ಪಂಚಾಂಗ ಕೇಳಿ ಮದುವೆ ಇಟ್ಕೊಂಡಿದೀವಿ ಅಂದ್ರೆ ಆ ಮದುವೆಗೆ ಬರಲ್ಲ. ಅಡ್ಡಪಲ್ಲಕ್ಕಿ, ಅಂದ್ರೆ ಸ್ವಾಮಿಗಳನ್ನ ಪಲ್ಲಕ್ಕೀಲಿ ಹೊತ್ತು ಮೆರೆಸೋದು, ಅಂದ್ರೆ ಸಿಡಿಮಿಡಿ. ಯಾರದ್ದೋ ಮನೇಲಿ ಮಾಟ ತೆಗೀತೀನಿ ಅಂತ ಬಂದೋನನ್ನ ಹಿಡಿದು ಪೊಲೀಸ್ ಸ್ಟೇಷನ್ನಿಗೆ ಕರ್ಕೊಂಡು ಹೋಗಿ, ಆ ಬಡಪಾಯಿ ಕುಟುಂಬದ ದುಡ್ಡು ವಾಪಸ್ ಕೊಡಿಸಿದೋರು. ಊರಲ್ಲಿ ಅವರಿಗೆ ಧರ್ಮವಿರೋಧಿ ಅಂತಾನೇ ಹೆಸರು. ಆದ್ರೆ ದೊಡ್ಡಪ್ಪ ನಾಸ್ತಿಕರಲ್ಲ! ಬನಿಯನ್ ಒಳಗೆ ಇಷ್ಟಲಿಂಗ ಇದೆ, ಬೆಳಗ್ಗೆ ಎದ್ದು ಅಂಗೈ ಮೇಲೆ ಇಟ್ಕೊಂಡು ಹತ್ತು ನಿಮಿಷ ಕಣ್ಣು ಮುಚ್ಚಿ ಕೂರದೆ ಟೀ ಕುಡಿಯಲ್ಲ. ಜನಕ್ಕೆ ಇದು ತಲೆಗೆ ಹೋಗಲ್ಲ. ದೇವಸ್ಥಾನ ಬೇಡ ಅಂದ ಮೇಲೆ ದೇವ್ರು ಬೇಡ ಅಂತಾನೇ ಲೆಕ್ಕ ಅವರಿಗೆ. ಹನ್ನೆರಡನೇ ಶತಮಾನದಲ್ಲಿ ಬಸವಣ್ಣ ಶಿವಾಲಯ ಕಟ್ಟೋ ಉಳ್ಳವರಿಗೆ ಎದುರಾಗಿ ದೇಹನೇ ದೇಗುಲ ಅಂದಿದ್ದು ದೇವ್ರಿಲ್ಲ ಅಂತ ಅಲ್ವಲ್ಲ, ದೇವ್ರ ಮೇಲಿನ ಪ್ರೀತಿಗೇ. ಕುವೆಂಪು ಗುಡಿ ಮಸೀದಿ ಚರ್ಚಿನಿಂದ ಹೊರಗೆ ಬನ್ನಿ ಅಂತ ಕರೆದ್ರು, ಅವರೇ ರಾಮಕೃಷ್ಣ ಪರಮಹಂಸರ ಪರಮ ಭಕ್ತರು. ನಮ್ಮ ನಾಡಲ್ಲಿ ಪುರೋಹಿತಶಾಹಿನ ಜೋರಾಗಿ ವಿರೋಧಿಸಿದ ಬಹಳಷ್ಟು ಜನ ನಂಬಿದವರೇ.

ಸರಿ, ಸೇವೆ ಬಗ್ಗೆ ಬರ್ತೀನಿ.

2016ರಲ್ಲಿ ಅಪ್ಪನೂ ದೊಡ್ಡಪ್ಪನೂ ಒಟ್ಟಿಗೆ ಫಾರಂ ತುಂಬಿದ್ದು, ನಾನು ಜೊತೆಗೆ ಹೋಗಿದ್ದೆ, ಅಮ್ಮನೂ ಇದ್ಲು ಯಾಕಂದ್ರೆ ವಾರಸುದಾರರ ಒಪ್ಪಿಗೆ ಸೈನ್ ಬೇಕು. ಬೇಕಾಗೋದು ಇಷ್ಟೇ: ಫಾರಂ ಫ್ರೀ, ಎರಡು ಪಾಸ್‌ಪೋರ್ಟ್ ಸೈಜ್ ಫೋಟೋ, ಆಧಾರ್ ಜೆರಾಕ್ಸು, ಸ್ಟಾಂಪ್ ಪೇಪರ್ ಮೇಲೆ ನೋಟರಿ ಮಾಡಿಸಿದ ಅಫಿಡವಿಟ್ಟು, ಮನೆಯವರ ಸೈನು, ಇಬ್ರು ಸಾಕ್ಷಿ. ನಮ್ಮ ರಾಜ್ಯದಲ್ಲಿ ಇದಕ್ಕೆ 1957ರ ಅನಾಟಮಿ ಆಕ್ಟ್ ಅಂತ ಕಾನೂನು ಇದೆ, ಆ ಪ್ರಕಾರನೇ ಎಲ್ಲ ನಡೆಯೋದು. ದಾನ ಬರ್ಕೊಟ್ರೂ ಕೊನೆಗೆ ಮನೆಯವರು ಬೇಡ ಅಂದ್ರೆ ಕಾಲೇಜಿನವರು ಬಲವಂತ ಮಾಡಲ್ಲ ಅಂತ ಅವತ್ತೇ ಹೇಳಿದ್ರು. ಪೋಸ್ಟ್‌ಮಾರ್ಟಂ ಆಗಿದ್ರೆ ತಗೊಳಲ್ಲ, ಎಚ್‌ಐವಿ, ಹೆಪಟೈಟಿಸ್ ಥರ ಸೋಂಕು ಇದ್ರೆ ತಗೊಳಲ್ಲ. ಕಣ್ಣು ಮಾತ್ರ ಕೊಟ್ಟಿದ್ರೆ ತೊಂದ್ರೆ ಇಲ್ಲ, ಅದು ಕೊಟ್ಟು ಆಮೇಲೆ ದೇಹನೂ ಕೊಡಬಹುದು.

ಫಾರಂನಲ್ಲಿ ವಯಸ್ಸು, ವಿಳಾಸ, ರಕ್ತದ ಗುಂಪು ಆದ್ಮೇಲೆ ಒಂದು ಕಾಲಂ "ಧರ್ಮ" ಅಂತ. ಅಪ್ಪ ಅದನ್ನ ಖಾಲಿ ಬಿಟ್ಟಿದ್ರು. ಗುಮಾಸ್ತರು ಪೆನ್ನು ಅದರ ಮೇಲೆ ಇಟ್ಟು "ಇದು ತುಂಬಿಲ್ಲ ಯಜಮಾನ್ರೆ" ಅಂದ್ರು. ಅಪ್ಪ "ಇಲ್ಲ ಅಂತ ಬರ್ಕೊಳಿ" ಅಂದ್ರು. ಅವರು ತಲೆ ಎತ್ತಿ ನೋಡಿ "ನೀವು ಧರ್ಮ ವಿರೋಧಿನಾ?" ಅಂತ ಕೇಳಿದ್ರು, ಸಿಟ್ಟಿಂದ ಏನಲ್ಲ, ನಿಜವಾಗ್ಲೂ ತಿಳ್ಕೊಳೋಕೆ. ಅಪ್ಪ ಸ್ವಲ್ಪ ಹೊತ್ತು ಯೋಚನೆ ಮಾಡಿ ಹೇಳಿದ್ದು ನಂಗೆ ಅಕ್ಷರಕ್ಷರ ನೆನಪಿದೆ. "ನಾನು ಪ್ಯಾಂಟ್ ಹಾಕಲ್ಲ ಸರ್, ಹುಟ್ಟಿದಾಗಿಂದ ಪಂಚೆನೇ. ಆದ್ರೆ ಊರಿಗೆಲ್ಲ ಪ್ಯಾಂಟ್ ಹೊಲಿದು ಕೊಡ್ತೀನಿ, ಅಳತೆ ಸರಿ ಇರ್ಲಿ ಅಂತ ಎರಡೆರಡು ಸಲ ನೋಡ್ತೀನಿ. ನಂಗೆ ಪ್ಯಾಂಟಿನ ಮೇಲೆ ದ್ವೇಷ ಏನಿಲ್ಲ."

ಪಕ್ಕದಲ್ಲೇ ಕೂತಿದ್ದ ದೊಡ್ಡಪ್ಪ ತಮ್ಮ ಫಾರಂನಲ್ಲಿ ಅದೇ ಕಾಲಂನಲ್ಲಿ ದಪ್ಪ ಅಕ್ಷರದಲ್ಲಿ "ಬಸವ ಧರ್ಮ" ಅಂತ ಬರೆದಿದ್ರು! ಗುಮಾಸ್ತರು ಇಬ್ಬರ ಫಾರಮ್ಮೂ ಒಂದರ ಮೇಲೊಂದು ಇಟ್ಟು ಪಿನ್ ಹೊಡೆದು, ಅಪ್ಪನ ಕಾಲಂಗೆ ಒಂದು ಗೆರೆ ಎಳೆದು, ಸೀಲು ಹಾಕಿದ್ರು. ಇನ್ನೊಂದು ಪ್ರಶ್ನೆ ಕೇಳ್ಲಿಲ್ಲ. ಒಂದು ಸರ್ಕಾರಿ ಫಾರಂ ಮುಂದೆ ಇಷ್ಟು ಮರ್ಯಾದೆ ಸಿಕ್ಕಿದ್ದು ದೊಡ್ಡ ವಿಷಯ ನಂಗೆ. 2011ರ ಜನಗಣತಿಯಲ್ಲಿ ಧರ್ಮ ಹೇಳದೇ ಇದ್ದೋರು ಸುಮಾರು 28.7 ಲಕ್ಷ ಜನ, ದೇಶದ ಜನಸಂಖ್ಯೇಲಿ ಶೇಕಡಾ 0.25 ಕೂಡ ಇಲ್ಲ. ಅವರೆಲ್ಲ ನಾಸ್ತಿಕರು ಅಂತಲೂ ಅಲ್ಲ, ವಿರೋಧಿಗಳು ಅಂತಲೂ ಅಲ್ಲ, ಆ ಕಾಲಂ ಖಾಲಿ ಇದೆ ಅಂದ್ರೆ ಖಾಲಿ ಇದೆ ಅಂತ ಮಾತ್ರ ಅರ್ಥ.

ನಮ್ಮ ಭಾಷೇಲೇ ಈ ಗೊಂದಲ ಮೊದಲಿಂದ ಇದೆ ಅನ್ಸುತ್ತೆ. ನಾಸ್ತಿಕ ಅನ್ನೋ ಪದಕ್ಕೆ ಹಳೇ ಶಾಸ್ತ್ರದವರ ಲೆಕ್ಕದಲ್ಲಿ ದೇವ್ರನ್ನ ನಂಬದವನು ಅನ್ನೋದಕ್ಕಿಂತ ವೇದದ ಮಾತನ್ನ ಪ್ರಮಾಣ ಅಂತ ಒಪ್ಪದವನು ಅಂತ ಅರ್ಥ. ಅದಕ್ಕೇ ಬೌದ್ಧರು ಜೈನರು ಆ ಪಟ್ಟಿಲಿ ನಾಸ್ತಿಕರು. ಆದ್ರೆ ಸಾಂಖ್ಯ, ಮೀಮಾಂಸೆ ಅನ್ನೋ ಹಳೇ ದರ್ಶನಗಳವರು ಜಗತ್ತು ಸೃಷ್ಟಿ ಮಾಡಿದ ದೇವ್ರು ಅಂತ ಒಬ್ಬ ಬೇಕೇ ಬೇಕು ಅನ್ನಲ್ಲ, ಆದ್ರೂ ವೇದ ಒಪ್ತಾರಾದ್ರಿಂದ ಆಸ್ತಿಕರು. ಶ್ರವಣಬೆಳಗೊಳದಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕಕ್ಕೆ ಅಷ್ಟು ಜನ ಸೇರ್ತಾರಲ್ಲ, ಆ ಜೈನ ಧರ್ಮದಲ್ಲಿ ಸೃಷ್ಟಿಕರ್ತ ಅನ್ನೋನೇ ಇಲ್ಲ. ಅಂದ್ರೆ ದೇವ್ರಿಲ್ಲದ ಧರ್ಮ ನಮ್ಮ ಕಣ್ಣೆದುರಿಗೇ ಇದೆ, ದೇವಸ್ಥಾನ ಬೇಡ ಅನ್ನೋ ಭಕ್ತಿನೂ ಇದೆ. ಹೀಗಿದ್ದೂ ದೇವ್ರನ್ನ ನಂಬಲ್ಲ ಅಂದ ತಕ್ಷಣ "ನಿಂಗೆ ನಮ್ಮ ಧರ್ಮದ ಮೇಲೆ ಏನಪ್ಪಾ ಕೋಪ" ಅಂತ ಬೀಳ್ತಾರೆ.

ಇಷ್ಟು ಓದಿ ಅಪ್ಪನ ದಾರಿ ಸರಿ, ದೊಡ್ಡಪ್ಪಂದು ತಪ್ಪು ಅಂತ ಹೇಳ್ತಿದೀನಿ ಅಂತ ಅಂದ್ಕೋಬೇಡಿ. ನಾನೂ ತುಂಬಾ ದಿನ ಹಾಗೇ ಅಂದ್ಕೊಂಡಿದ್ದೆ, ಅಪ್ಪನೇ ತಿದ್ದಿದ್ದು. ಫಾರಂ ಕೊಟ್ಟು ವಾಪಸ್ ಬರೋ ಬಸ್ಸಲ್ಲಿ ದೊಡ್ಡಪ್ಪ ಕಿಟಕಿಗೆ ತಲೆ ಒರಗಿಸಿ ನಿದ್ದೆ ಮಾಡ್ತಿದ್ರು, ನಾನು "ನೀನೇ ವಾಸಿ ಅಪ್ಪ, ಯಾರ ಜೊತೆನೂ ಜಗಳ ಇಲ್ಲ" ಅಂದೆ. ಅಪ್ಪನಿಗೆ ಅದು ಇಷ್ಟ ಆಗ್ಲಿಲ್ಲ. ಚಂದ್ರಗುತ್ತಿ ವಿಷಯ ಹೇಳಿದ್ರು. ಸೊರಬ ತಾಲೂಕಿನ ಚಂದ್ರಗುತ್ತಿ ರೇಣುಕಾಂಬೆ ಜಾತ್ರೇಲಿ ಬೆತ್ತಲೆ ಸೇವೆ ನಡೀತಿತ್ತು, ಹರಕೆ ಹೊತ್ತ ಹೆಂಗಸರು, ಗಂಡಸರು ಮೈಮೇಲೆ ಬಟ್ಟೆ ಇಲ್ದೆ ಹೊಳೆಯಿಂದ ಗುಡ್ಡ ಹತ್ತಿ ಬರ್ಬೇಕು. 1986ರ ಮಾರ್ಚಲ್ಲಿ ದಲಿತ ಸಂಘರ್ಷ ಸಮಿತಿಯವರು, ಇನ್ನೂ ಕೆಲವರು ಇದು ಬೇಡ ಅಂತ ತಿಳಿ ಹೇಳೋಕೆ ಹೋದಾಗ ಜನ ತಿರುಗಿಬಿದ್ದು ಕಾರ್ಯಕರ್ತರನ್ನ, ಪೊಲೀಸರನ್ನ ಹೊಡೆದು ಬಟ್ಟೆ ಕಿತ್ತು ಮೆರವಣಿಗೆ ಮಾಡಿದ್ರು, ಹೆಣ್ಣು ಪೊಲೀಸರನ್ನೂ ಬಿಡ್ಲಿಲ್ಲ. ಆಮೇಲೆ ಸರ್ಕಾರ ಆ ಸೇವೆ ನಿಷೇಧ ಮಾಡ್ತು. ಆ ವರ್ಷ ದೊಡ್ಡಪ್ಪನೂ ಅಲ್ಲಿಗೆ ಹೋಗಿದ್ರಂತೆ, ಹರಿದ ಅಂಗಿ, ಊದಿದ ಕಣ್ಣು ಇಟ್ಕೊಂಡು ಸೀದಾ ಅಪ್ಪನ ಅಂಗಡಿಗೆ ಬಂದ್ರಂತೆ. "ಅವತ್ತು ನಾನು ಅವನ ಅಂಗಿಗೆ ಹೊಲಿಗೆ ಹಾಕ್ಕೊಟ್ಟೆ ಅಷ್ಟೇ" ಅಂದ್ರು ಅಪ್ಪ. "ನಾನು ನಂಬದೇ ಇದ್ದು ಯಾರಿಗೇನು ಉಪಕಾರ ಆಯ್ತು? ಅವನು ನಂಬ್ತಾನೆ, ಆದ್ರೂ ಹೋಗಿ ಏಟು ತಿಂದು ಬಂದ."

ಇದು ನಂಗೆ ತುಂಬಾ ದೊಡ್ಡ ಮಾತು ಅನ್ಸ್ತು, ಇವತ್ತಿಗೂ ಅನ್ಸುತ್ತೆ. ನಂಬದೇ ಇರೋದು ಒಬ್ಬನ ತಲೆಯೊಳಗಿನ ವಿಷಯ, ಅದರಿಂದ ಯಾರಿಗೂ ಒಳ್ಳೇದೂ ಆಗಲ್ಲ, ಕೆಟ್ಟದ್ದೂ ಆಗಲ್ಲ. ವಿರೋಧ ಅನ್ನೋದು ಹೊರಗೆ ಬಂದು ಮಾಡೋ ಕೆಲಸ, ಅದಕ್ಕೆ ಗುರಿ ಇರ್ಬೇಕು, ಯಾವುದನ್ನ ವಿರೋಧಿಸ್ತೀವಿ ಅಂತ ಗೊತ್ತಿರ್ಬೇಕು. ಮಹಾರಾಷ್ಟ್ರದಲ್ಲಿ ಮೂಢನಂಬಿಕೆ ವಿರುದ್ಧ ಹೋರಾಡಿದ ನರೇಂದ್ರ ದಾಭೋಲ್ಕರ್ ಸ್ವತಃ ನಾಸ್ತಿಕರೇ, ಆದ್ರೆ ನಮ್ಮ ಹೋರಾಟ ದೇವ್ರ ವಿರುದ್ಧ ಅಲ್ಲ, ಧರ್ಮದ ವಿರುದ್ಧ ಅಲ್ಲ, ಅದರ ಹೆಸರಲ್ಲಿ ಸುಲಿಯೋರ ವಿರುದ್ಧ ಅಂತ ಜೀವಮಾನ ಪೂರ್ತಿ ಹೇಳ್ಕೊಂಡೇ ಬಂದ್ರು. 2013ರ ಆಗಸ್ಟ್ 20ಕ್ಕೆ ಪುಣೆಯಲ್ಲಿ ಬೆಳಗಿನ ವಾಕಿಂಗ್‌ಗೆ ಹೋದಾಗ ಗುಂಡು ಹೊಡೆದು ಕೊಂದ್ರು. ಈ ವ್ಯತ್ಯಾಸ ಕೇಳೋ ತಾಳ್ಮೆ ಕೊಂದವರಿಗೆ ಇರ್ಲಿಲ್ಲ. ನಮ್ಮಲ್ಲಿ 2017ರಲ್ಲಿ ಪಾಸಾಗಿ 2020ರಲ್ಲಿ ಜಾರಿಗೆ ಬಂದ ಮೌಢ್ಯ ನಿಷೇಧ ಕಾಯ್ದೆಯೂ ಅಷ್ಟೇ, ಪೂಜೆ, ಹರಿಕಥೆ, ಯಾತ್ರೆ ಯಾವುದನ್ನೂ ಅದು ಮುಟ್ಟಲ್ಲ, ಮನುಷ್ಯನ ಮೈಗೆ ಮಾನಕ್ಕೆ ಘಾಸಿ ಮಾಡೋ ಆಚರಣೆಗಳನ್ನ ಮಾತ್ರ ನಿಷೇಧಿಸುತ್ತೆ.

ನಂಬದೇ ಇರೋದು, ಹೊರಗೆ ಬಂದು ಕೆಲಸ ಮಾಡೋದು, ಎರಡೂ ಒಟ್ಟಿಗೆ ಇದ್ದ ಇನ್ನೊಬ್ರು ಅಂದ್ರೆ ವಿಜಯವಾಡದ ಗೋರಾ. 1940ರಲ್ಲಿ ನಾಸ್ತಿಕ ಕೇಂದ್ರ ಕಟ್ಟಿದೋರು, ಅದರ ಜೊತೆಗೇ ಗಾಂಧೀಜಿ ಹತ್ರ ಕೂತು ತಾಸುಗಟ್ಟಲೆ ಮಾತಾಡಿದೋರು. ಗೋರಾ ಮಗಳನ್ನ ದಲಿತ ಹುಡುಗನಿಗೆ ಕೊಟ್ಟು ಮದುವೆ ಮಾಡೋದು ಅಂತ ಆದಾಗ ದೇವ್ರ ಹೆಸರು ಬಿಟ್ಟು ಸತ್ಯದ ಹೆಸರಲ್ಲಿ ನಡೆಸೋಕೆ ಗಾಂಧಿ ಒಪ್ಪಿದ್ರು, ಅಷ್ಟರಲ್ಲಿ ಅವರ ಹತ್ಯೆ ಆಗೋಯ್ತು, ಆಮೇಲೆ 1948ರ ಮಾರ್ಚಲ್ಲಿ ಸೇವಾಗ್ರಾಮದಲ್ಲೇ ಆ ಮದುವೆ ಆಯ್ತು. ಗೋರಾ ಅವರ ಹೆಂಡತಿ ಸರಸ್ವತಿ ಗೋರಾ ಅವರಿಗೆ ನಮ್ಮ ಕರ್ನಾಟಕ ಸರ್ಕಾರ ಬಸವ ಪುರಸ್ಕಾರ ಕೊಟ್ಟಿದೆ. ಬಸವಣ್ಣನ ಹೆಸರಿನ ಪ್ರಶಸ್ತಿ ಒಬ್ಬ ನಾಸ್ತಿಕ ಹೆಣ್ಣುಮಗಳಿಗೆ! ದೊಡ್ಡಪ್ಪಂಗೆ ಇದನ್ನ ಹೇಳಿದ್ರೆ ಕಣ್ಣಲ್ಲಿ ನೀರು ಬರುತ್ತೆ.

ಇನ್ನು ಅಪ್ಪ ಹೋದ ದಿನ. ಶ್ರಾವಣ, ಬೆಳಗಿನ ಜಾವ ನಾಲ್ಕು ಗಂಟೆ, ಮನೇಲೇ. ಮೊದಲು ಕಣ್ಣು: ಜೀವ ಹೋದ ಆರು ತಾಸಿನ ಒಳಗೆ ಕಾರ್ನಿಯಾ ತೆಗೀಬೇಕು, ಹಾಗಾಗಿ ಮೊದಲನೇ ಫೋನ್ ಐ ಬ್ಯಾಂಕಿಗೇ ಮಾಡಿ, ಅಳೋದು ಆಮೇಲೆ ಇದ್ದೇ ಇರುತ್ತೆ. ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಡಿ, ಫ್ಯಾನ್ ಆಫ್ ಮಾಡಿ, ತಲೆ ಕೆಳಗೆ ದಿಂಬು ಇಟ್ಟು ಸ್ವಲ್ಪ ಎತ್ತರ ಮಾಡಿ ಅಂತ ಫೋನಲ್ಲೇ ಹೇಳಿದ್ರು. ಇಬ್ಬರು ಬಂದು ಇಪ್ಪತ್ತು ನಿಮಿಷದಲ್ಲಿ ಮುಗಿಸಿದ್ರು, ಮುಖ ನೋಡಿದ್ರೆ ಒಂಚೂರೂ ವ್ಯತ್ಯಾಸ ಗೊತ್ತಾಗ್ಲಿಲ್ಲ. ರಾಜ್‌ಕುಮಾರ್ 2006ರಲ್ಲಿ, ಪುನೀತ್ 2021ರಲ್ಲಿ ಕಣ್ಣು ಕೊಟ್ಟಾಗಿಂದ ನಮ್ಮ ಕಡೆ ನೇತ್ರದಾನಕ್ಕೆ ಯಾರೂ ಧರ್ಮದ ಪ್ರಶ್ನೆ ಎತ್ತಲ್ಲ. ರಾಜ್‌ಕುಮಾರ್ ಎಂಥ ದೈವಭಕ್ತರು ಅಂತ ನಾನು ಹೇಳಬೇಕಾಗಿಲ್ಲ. ಆದ್ರೆ ದೇಹ ಅಂದ ಕೂಡ್ಲೇ ನೆಂಟರು ಗುಸುಗುಸು ಶುರು ಮಾಡಿದ್ರು, ಸಂಸ್ಕಾರ ಇಲ್ದೆ ಕಳಿಸ್ತೀರಾ ಅಂತ. ನಾನು ಏನು ಹೇಳ್ಲಿ ಅಂತ ನಿಂತಿದ್ದಾಗ ಅಮ್ಮನೇ ಹೇಳಿದ್ಲು, "ದಧೀಚಿ ಋಷಿ ದೇವತೆಗಳಿಗೆ ಬೆನ್ನುಮೂಳೆ ಕೊಟ್ಟ, ಇವರು ಮಕ್ಕಳ ಓದಿಗೆ ಕೊಡ್ತಿದಾರೆ." ನೆಂಟರು ಸುಮ್ಮನಾದ್ರು. 2010ರಲ್ಲಿ ಜನವರಿಲಿ ಕಮ್ಯುನಿಸ್ಟ್ ಜ್ಯೋತಿ ಬಸು ಹೋದ್ರು, ಫೆಬ್ರವರಿಲಿ ಆರೆಸ್ಸೆಸ್‌ನ ನಾನಾಜಿ ದೇಶಮುಖ್ ಹೋದ್ರು, ಇಬ್ಬರ ದೇಹವೂ ಹೋಗಿದ್ದು ಮೆಡಿಕಲ್ ಕಾಲೇಜಿಗೇ, ಒಬ್ಬರದ್ದು ಕೋಲ್ಕತ್ತ, ಇನ್ನೊಬ್ಬರದ್ದು ದೆಹಲಿ. ಒಬ್ಬರು ನಂಬದವರು, ಒಬ್ಬರು ನಂಬಿದವರು.

ಕಾಲೇಜಿಗೆ ಹೋದ್ವಿ. ಅಲ್ಲಿನ ಅಟೆಂಡರ್ ಒಂದು ಸಲನೂ "ಬಾಡಿ" ಅನ್ಲಿಲ್ಲ. "ಯಜಮಾನ್ರನ್ನ ಈ ಕಡೆ ಮಲಗ್ಸಿ", "ಯಜಮಾನ್ರ ತಲೆ ಸ್ವಲ್ಪ ನೋಡ್ಕೊಳಿ", ಹೀಗೇ. ಅಮ್ಮ ಸೆರಗಿನಲ್ಲಿ ತುಳಸಿ, ವಿಭೂತಿ ಕಟ್ಕೊಂಡು ಬಂದಿದ್ಲು. ಹಚ್ಚೋಕೆ ಹೋದಾಗ ದೊಡ್ಡಪ್ಪ ತಡೆದ್ರು, ಅಳ್ತಾನೇ ತಡೆದ್ರು: "ಬೇಡ ತಂಗಿ, ಅವನಿಗೆ ಇದ್ಯಾವುದೂ ಇಷ್ಟ ಇರ್ಲಿಲ್ಲ, ಹೋಗುವಾಗ ಯಾಕೆ." ನಂಗೆ ಎದೆ ಒಡೆದ ಹಾಗಾಯ್ತು, ಇಬ್ಬರೂ ಅಪ್ಪನ ಪರವಾಗೇ ಮಾತಾಡ್ತಿದ್ರು. ಅಟೆಂಡರ್ ಯಾರ ಪರವೂ ನಿಲ್ಲದೆ, "ಅರ್ಧ ಗಂಟೆ ರೂಂ ನಿಮ್ಮದೇ. ಏನು ಹಚ್ಚಿದ್ರೂ ಆಮೇಲೆ ನಾವು ಒರೆಸ್ಲೇಬೇಕು, ಅದಕ್ಕೆ ಬೇಜಾರು ಮಾಡ್ಕೋಬೇಡಿ ಅಮ್ಮ" ಅಂತ ಹೇಳಿ ಬಾಗಿಲು ಮುಂದೆ ಮಾಡ್ಕೊಂಡು ಹೋದ್ರು. ಅಮ್ಮ ದೊಡ್ಡಪ್ಪನ ಮುಖ ನೋಡಿ ಅಂದಿದ್ದು, "ಇಷ್ಟ ಇರ್ಲಿಲ್ಲ ಅಣ್ಣ, ಆದ್ರೆ ಯಾವತ್ತೂ ನನ್ನ ಕೈ ತಡೆದಿಲ್ಲ." ದೊಡ್ಡಪ್ಪ ಪಕ್ಕಕ್ಕೆ ಸರಿದ್ರು. ಅಮ್ಮ ಮೂರು ಬೆರಳಲ್ಲಿ ವಿಭೂತಿ ಎಳೆದ್ಲು. ದೊಡ್ಡಪ್ಪ ಅಪ್ಪನ ಪಾದ ಹಿಡ್ಕೊಂಡು ಕೂತ್ರು.

ಆಮೇಲೆ ಪ್ರೊಫೆಸರ್ ಮೇಡಂ ಬಂದು ಎಲ್ಲ ವಿವರಿಸಿದ್ರು. ತೊಡೆಯ ರಕ್ತನಾಳದಲ್ಲಿ ಫಾರ್ಮಾಲಿನ್ ದ್ರಾವಣ ಹಾಯಿಸ್ತಾರೆ, ಆ ಜಾಗ ಹೊಲೀತಾರೆ, ಎಂಬಿಬಿಎಸ್ ಮೊದಲ ವರ್ಷದ ಮಕ್ಕಳು ಕೈ ಹಚ್ಚೋಕೆ ಮುಂಚೆ ಎದ್ದು ನಿಂತು ಈ ದೇಹಕ್ಕೆ ಗೌರವ ಕೊಡ್ತೀವಿ ಅಂತ ಪ್ರತಿಜ್ಞೆ ಮಾಡ್ತಾರೆ. ನಂಗೆ ಬೇರೆ ಏನೂ ತೋಚಲಿಲ್ಲ, "ಹೊಲಿಗೆ ಸಣ್ಣದಾಗಿ ಹಾಕ್ಸಿ ಮೇಡಂ, ನಮ್ಮಪ್ಪ ಟೈಲರ್" ಅಂದೆ. ಅವರು ನನ್ನ ಕೈ ಹಿಡ್ಕೊಂಡು ಆಯ್ತು ಅಂದ್ರು.

ಮೂರನೇ ದಿನ ಹಾಲು ತುಪ್ಪ ಎಲ್ಲಿ ಬಿಡೋದು ಅನ್ನೋದು ಅಮ್ಮಂಗೆ ದೊಡ್ಡ ಚಿಂತೆ ಆಗಿತ್ತು, ಸಮಾಧಿನೂ ಇಲ್ಲ, ಬೂದಿನೂ ಇಲ್ಲ. ಅದೇ ಅಟೆಂಡರ್‌ಗೆ ಫೋನ್ ಮಾಡಿದ್ರೆ ಡಿಪಾರ್ಟ್‌ಮೆಂಟ್ ಹಿಂದಿನ ಹೊಂಗೆ ಮರ ತೋರಿಸಿದ್ರು, ಇನ್ನೂ ಮೂರ್ನಾಲ್ಕು ಮನೆಯವರು ಅಲ್ಲೇ ಬಿಟ್ಟು ಹೋಗಿದಾರೆ ಅಂತ. ಇದು ಯಾವ ರೂಲ್ಸ್ ಪುಸ್ತಕದಲ್ಲೂ ಇರಲ್ಲ. ಇದಕ್ಕೇ ನಾಲ್ಕು ಸ್ಟಾರ್.

ಕಟ್ ಮಾಡಿದ ಒಂದು ಸ್ಟಾರ್ ಬಗ್ಗೆ. ಡೋನರ್ ಕಾರ್ಡಿನಲ್ಲಿದ್ದ ಲ್ಯಾಂಡ್‌ಲೈನ್ ನಂಬರ್ ಕೆಲಸ ಮಾಡ್ತಿರ್ಲಿಲ್ಲ, ಬೆಳಗಿನ ಜಾವ ಮುಕ್ಕಾಲು ಗಂಟೆ ಒದ್ದಾಡಿ ಕೊನೆಗೆ ಪರಿಚಯದ ನರ್ಸ್ ಒಬ್ರಿಂದ ಡ್ಯೂಟಿ ಡಾಕ್ಟರ್ ನಂಬರ್ ಸಿಕ್ತು. ಕಾರ್ಡ್ ಮಾಡಿಸಿದವರು ವರ್ಷಕ್ಕೊಮ್ಮೆ ನಂಬರ್ ಚೆಕ್ ಮಾಡ್ಕೊಳಿ. ಆಂಬುಲೆನ್ಸ್ ಖರ್ಚು ನಮ್ಮದೇ, ಮೊದಲೇ ಹೇಳಿರ್ಲಿಲ್ಲ. ದೇಹ ಸ್ವೀಕಾರ ಪತ್ರ ಕೈಗೆ ಬರೋಕೆ ಎರಡು ತಿಂಗಳು ಆಯ್ತು, ಅಲ್ಲೀವರೆಗೆ ಡೆತ್ ಸರ್ಟಿಫಿಕೇಟ್ ಸಿಗದೆ ಬ್ಯಾಂಕಿನ ಕೆಲಸ ನಿಂತಿತ್ತು, ಯಾಕಂದ್ರೆ ಪಂಚಾಯ್ತಿಲಿ ಎಲ್ಲಿ ಮಣ್ಣು ಮಾಡಿದ್ರಿ ಅಂತ ಕೇಳ್ತಾನೇ ಇದ್ರು. ಮನೆಗೆ ಬಂದು ನೋಡಿದ ಡಾಕ್ಟರಿಂದ ಸಾವಿನ ಕಾರಣದ ಪತ್ರ ಅವತ್ತೇ ಬರೆಸಿಕೊಳಿ, ಮೂರು ಜೆರಾಕ್ಸ್ ಇಟ್ಕೊಳಿ. ಮತ್ತೆ ಆ ಧರ್ಮದ ಕಾಲಂ, ದೇಹದಾನದ ಫಾರಂಗೆ ಅದು ಯಾಕೆ ಬೇಕು ಅಂತ ನಂಗೆ ಇನ್ನೂ ಅರ್ಥ ಆಗಿಲ್ಲ, ತೆಗೆದುಬಿಟ್ರೆ ಒಳ್ಳೇದು.

ಹೋದ ತಿಂಗಳು ಅಮ್ಮನೂ ಹೋಗಿ ಫಾರಂ ತುಂಬಿ ಬಂದ್ಲು. ನಾನು ಬರೀತೀನಿ ಕೊಡಮ್ಮ ಅಂದ್ರೆ ಕೇಳ್ಲಿಲ್ಲ, ತಾನೇ ಕನ್ನಡಕ ಹಾಕ್ಕೊಂಡು, ಆ ಕಾಲಂ ಬಂದಾಗ ನಿಧಾನಕ್ಕೆ "ಹಿಂದೂ" ಅಂತ ಬರೆದ್ಲು, ಪಕ್ಕದಲ್ಲಿ ಕೇಳದೇ ಇದ್ರೂ ಮನೆದೇವರ ಹೆಸರೂ ಸೇರಿಸಿದ್ಲು. ಒಂದನೇ ಸಾಕ್ಷಿ ಅಂತ ಇರೋ ಜಾಗದಲ್ಲಿ ದೊಡ್ಡಪ್ಪ ಸೈನ್ ಹಾಕಿದ್ರು.